ಗೋಡೆಯೊಳಗಿನ ಬೆಲ್ಲ

ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದಾಗ ಶೆಟ್ಟಿಹಳ್ಳಿಯ ಚರ್ಚು ನೀರಿನೊಳಗಿಂದ ಎದ್ದು ಬರುತ್ತದೆ. ಮೊದಲು ಕಮಾನುಗಳು ಕಾಣುತ್ತವೆ, ಆಮೇಲೆ ಕಿಟಕಿಗಳ ಪೊಳ್ಳು, ಕೊನೆಗೆ ಬಿರುಕು ಬಿಟ್ಟ ನೆಲ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದಾಗಿನಿಂದ ಮಳೆಗಾಲಕ್ಕೊಮ್ಮೆ ಮುಳುಗಿ ಬೇಸಿಗೆಗೊಮ್ಮೆ ಏಳುತ್ತ ಬಂದಿದೆ. ಚಾವಣಿ ಹೋಯಿತು, ಗೋಡೆ ಪೂರ್ತಿ ಹೋಗಲಿಲ್ಲ. ಗಾರೆಗೆ ಬೆಲ್ಲ ಹಾಕಿದ್ದರಂತೆ, ಮೊಟ್ಟೆ ಹಾಕಿದ್ದರಂತೆ, ಅದಕ್ಕೇ ಇಷ್ಟು ಗಟ್ಟಿ ಎಂದು ಸುತ್ತಲಿನ ಊರುಗಳಲ್ಲಿ ಇಂದಿಗೂ ಹೇಳುತ್ತಾರೆ. ನಾನು ಆ ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದ್ದೇನೆ. ಏನೂ ಉದುರಲಿಲ್ಲ.

ಕಳೆದ ಬಾರಿ ಅಲ್ಲಿಗೆ ಹೋದಾಗ ದೊಡ್ಡಮ್ಮನೂ ಜೊತೆಗಿದ್ದಳು. ಇಳಿಯುವಾಗ ನನಗಿಂತ ಮುಂದೆ ನಡೆದವಳು ಹತ್ತುವಾಗ ದಿಬ್ಬದ ನಡುವೆ ಕೂತುಬಿಟ್ಟಳು. ಎದೆ ನೋವಾ ಎಂದು ಕೇಳಿದೆ. "ನೋವೇನಿಲ್ಲ ಕಣಪ್ಪ, ಉಸ್ರು ಸಾಲ್ತಿಲ್ಲ" ಎಂದಳು. ವಯಸ್ಸು ಅರವತ್ತೆರಡು, ಸಕ್ಕರೆ ಕಾಯಿಲೆಗೆ ಹದಿನಾಲ್ಕು ವರ್ಷ. ಮಾತ್ರೆ ನುಂಗುತ್ತಾಳೆ, ಮರೆಯುತ್ತಾಳೆ, ಮತ್ತೆ ನುಂಗುತ್ತಾಳೆ. ಬಿಸಿಲು ಜೋರು, ವಯಸ್ಸಾಯಿತು, ದಪ್ಪ ಆಗಿದ್ದಾಳೆ ಎಂದು ನಮ್ಮ ಮನೆಯವರೆಲ್ಲ ಸೇರಿ ಆ ಏದುಸಿರಿಗೆ ಮೂರು ಕಾರಣ ಹುಡುಕಿ ಸುಮ್ಮನಾದೆವು.

ಆಮೇಲೆ ಬಂದದ್ದು 2025ರ ಜೂನ್. ಹಾಸನ ಜಿಲ್ಲೆಯವರು ಆ ತಿಂಗಳನ್ನು ಮರೆಯುವುದಿಲ್ಲ. ಹೃದಯಾಘಾತದಿಂದ ಸತ್ತವರ ಸುದ್ದಿ ದಿನ ಬೆಳಗಾದರೆ ಮೊಬೈಲಿಗೆ ಬರುತ್ತಿತ್ತು, ಅದರಲ್ಲೂ ಚಿಕ್ಕ ವಯಸ್ಸಿನವರದು. ಹಾಸನದಿಂದ, ಹೊಳೆನರಸೀಪುರದಿಂದ, ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ಜನ ಎದೆ ಹಿಡಿದುಕೊಂಡು ಇಸಿಜಿಗೆ ಸಾಲು ನಿಂತರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜಾತ್ರೆ. ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಜಿಲ್ಲೆಯಲ್ಲಿ ಹೃದಯದ ಸಾವುಗಳು ಅಸಹಜವಾಗಿ ಏರಿಲ್ಲ, ಹೊಸ ರೋಗವೂ ಇಲ್ಲ ಎಂದಿತು. ಕಾರಣಗಳೆಂದು ಅದು ತೋರಿಸಿದ್ದು ನಮ್ಮೆಲ್ಲರ ಮನೆಯಲ್ಲಿ ಇರುವವನ್ನೇ: ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು, ಕುಡಿತ, ಬೊಜ್ಜು. ಜನ ನಿಟ್ಟುಸಿರು ಬಿಟ್ಟು ಮನೆಗೆ ಹೋದರು. ನನಗೆ ಮಾತ್ರ ಆ ಪಟ್ಟಿಯ ಮೊದಲ ಹೆಸರು ಗಂಟಲಲ್ಲಿ ಸಿಕ್ಕಿಕೊಂಡಿತು. ಸಕ್ಕರೆ ಹೃದಯವನ್ನು ಏನು ಮಾಡುತ್ತದೆ? ರಕ್ತನಾಳ ಕಟ್ಟಿಕೊಳ್ಳುತ್ತದೆ ಎಂಬುದು ಗೊತ್ತು. ಅದಷ್ಟೇನಾ?

ಆ ಗಾಬರಿಯ ದಿನಗಳಲ್ಲೇ ದೊಡ್ಡಮ್ಮನಿಗೂ ಎಕೋ ಮಾಡಿಸಿದೆವು. ವರದಿ ನೋಡಿ ಎಲ್ಲರಿಗೂ ಖುಷಿ. 'ಪಂಪಿಂಗ್ 60 ಪರ್ಸೆಂಟ್, ಗುಡ್ ಎಲ್‌ವಿ ಫಂಕ್ಷನ್'. ಅಂದರೆ ಎಡ ಹೃತ್ಕುಕ್ಷಿ ಗಟ್ಟಿಮುಟ್ಟಾಗಿ ಹಿಂಡುತ್ತಿದೆ. ಹಾಲು ಕರೆಯುವ ಕೈ ಇದ್ದಹಾಗೆ ಇದೆಯಂತೆ ಹೃದಯ ಎಂದು ಅಣ್ಣ ಫೋನಿನಲ್ಲಿ ಎಲ್ಲರಿಗೂ ಹೇಳಿದ. ಆದರೆ ಅದರ ಕೆಳಗೆ ಇನ್ನೊಂದು ಸಾಲಿತ್ತು: 'ಗ್ರೇಡ್ 1 ಡಯಾಸ್ಟೊಲಿಕ್ ಡಿಸ್‌ಫಂಕ್ಷನ್'. ಅದನ್ನು ಯಾರೂ ಓದಲಿಲ್ಲ. ನಿಮ್ಮ ಮನೆಯ ಕಪಾಟಿನಲ್ಲೂ ಇಂಥದೊಂದು ವರದಿ ಇರಬಹುದು, ಈಗಲೇ ತೆಗೆದು ನೋಡಿ, ಆ ಸಾಲು ಅಲ್ಲಿ ಇದ್ದರೂ ಇರಬಹುದು. ನಾನು ಆ ಸಾಲಿನ ಬೆನ್ನು ಹತ್ತಿದೆ. ಅದು ನನ್ನನ್ನು ಎಲ್ಲೆಲ್ಲಿಗೆ ಕರೆದುಕೊಂಡು ಹೋಯಿತು ಎಂಬುದನ್ನು ಹೇಳದೆ ಇರಲಾರೆ.

ಹೃದಯದ ಕೆಲಸ ಹಿಂಡುವುದು ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ನಿಮಿಷಕ್ಕೆ 75 ಬಾರಿ ಬಡಿಯುವ ಹೃದಯಕ್ಕೆ ಒಂದು ಬಡಿತಕ್ಕೆ ಸಿಗುವುದು 0.8 ಸೆಕೆಂಡು. ಅದರಲ್ಲಿ ಹಿಂಡುವುದಕ್ಕೆ ಹೋಗುವುದು ಸುಮಾರು 0.3 ಸೆಕೆಂಡು. ಉಳಿದ 0.5 ಸೆಕೆಂಡು ಅದು ಸಡಿಲವಾಗುತ್ತದೆ, ಹಿಗ್ಗುತ್ತದೆ, ತುಂಬಿಕೊಳ್ಳುತ್ತದೆ. ಎಡ ಹೃತ್ಕುಕ್ಷಿಯ ಮಾಂಸಕ್ಕೆ ರಕ್ತ ಹರಿಯುವುದು ಕೂಡ ಹೆಚ್ಚಾಗಿ ಆ ಹಿಗ್ಗುವ ಹೊತ್ತಿನಲ್ಲೇ! ಊರಿಗೆಲ್ಲ ಬಡಿಸುವ ಹೃದಯ ತಾನು ಊಟ ಮಾಡುವುದು ಸಡಿಲವಾಗುವಾಗ.

ಸಡಿಲವಾಗುವುದೆಂದರೆ ಸುಮ್ಮನಿರುವುದು ಎಂದುಕೊಂಡಿದ್ದೆ. ಅಲ್ಲವೇ ಅಲ್ಲ! ಹೃದಯದ ಮಾಂಸಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದಾಗ ಅದು ಬಿಗಿಯುತ್ತದೆ. ಆ ಕ್ಯಾಲ್ಸಿಯಂ ಅನ್ನು ಮತ್ತೆ ಅದರ ಉಗ್ರಾಣಕ್ಕೆ ಎತ್ತಿ ಹಾಕಿದರೆ ಮಾತ್ರ ಬಿಗಿ ಬಿಡುತ್ತದೆ. ಎತ್ತಿ ಹಾಕುವುದಕ್ಕೆ ಕೋಶದಲ್ಲಿ ಪುಟ್ಟ ಪಂಪುಗಳಿವೆ, ಅವಕ್ಕೆ ಇಂಧನ ಬೇಕು. ಇಂಧನ ಮುಗಿದರೆ ಸ್ನಾಯು ಸಡಿಲವಾಗುವುದಿಲ್ಲ, ಬಿಗಿದೇ ಉಳಿಯುತ್ತದೆ. ಸತ್ತವರ ಮೈ ಸೆಟೆದುಕೊಳ್ಳುವುದು ಇದಕ್ಕೇ. ಇದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಎದೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದೆ. ಪ್ರತಿ ಬಡಿತದ ನಂತರದ ಆ ಮೌನ ಕೂಡ ದುಡಿಮೆ! ಒಂದು ಮುಷ್ಟಿ ಮಾಂಸ, 300 ಗ್ರಾಂ ತೂಕ, ದಿನಕ್ಕೆ ಒಂದು ಲಕ್ಷ ಸಲ ಬಿಗಿದು ಒಂದು ಲಕ್ಷ ಸಲ ಬಿಡುತ್ತದೆ.

ಕುಲುಮೆಯ ತಿದಿಯನ್ನು ನೋಡಿದವರಿಗೆ ಮುಂದಿನದು ಸುಲಭವಾಗಿ ಹೊಳೆಯುತ್ತದೆ. ತಿದಿಯ ಚರ್ಮ ಒಣಗಿ ಸೆಟೆದಿದ್ದರೂ ಒತ್ತಿದರೆ ಗಾಳಿ ಹೊರಡುತ್ತದೆ. ಆದರೆ ಬಿಟ್ಟಾಗ ಅದು ತುಂಬಿಕೊಳ್ಳುವುದಿಲ್ಲ. ದೊಡ್ಡಮ್ಮನ ಹೃದಯಕ್ಕೆ ಆಗಿದ್ದುದು ಇದೇ. ಹಿಂಡುವ ಬಲ ಪೂರ್ತಿ ಇದೆ, ಹಿಗ್ಗುವ ಗುಣ ಕಮ್ಮಿಯಾಗುತ್ತಿದೆ. ಕೂತಿದ್ದಾಗ ಗೊತ್ತಾಗುವುದಿಲ್ಲ. ದಿಬ್ಬ ಹತ್ತುವಾಗ ಹೃದಯ ಬೇಗ ಬೇಗ ಬಡಿಯಬೇಕು, ಆಗ ಮೊಟಕಾಗುವುದು ಹಿಗ್ಗುವ ಹೊತ್ತೇ. ತುಂಬಿಕೊಳ್ಳಲು ಪುರುಸೊತ್ತಿಲ್ಲ, ಗೋಡೆ ಜಗ್ಗುತ್ತಿಲ್ಲ, ಬಂದ ರಕ್ತ ಎಲ್ಲಿಗೆ ಹೋಗಬೇಕು? ಹಿಂದಕ್ಕೆ ಒತ್ತುತ್ತದೆ. ಹಿಂದೆ ಇರುವುದು ಶ್ವಾಸಕೋಶ. ಗೊರೂರಿನಲ್ಲಿ ನೀರು ನಿಂತರೆ ಶೆಟ್ಟಿಹಳ್ಳಿಯ ಚರ್ಚಿನೊಳಗೆ ಹಿನ್ನೀರು ಏರುವುದಿಲ್ಲವೇ, ಹಾಗೆ. 37 ಟಿಎಂಸಿ ನೀರು ತುಂಬುವ ಜಲಾಶಯದ ಒತ್ತು ಎಷ್ಟೋ ದೂರದ ಕಿಟಕಿಯಲ್ಲಿ ಕಾಣಿಸಿಕೊಂಡಂತೆ ಹೃದಯದ ಗೋಡೆಯ ಬಿಗುವು ದೊಡ್ಡಮ್ಮನ ಉಸಿರಿನಲ್ಲಿ ಕಾಣಿಸಿಕೊಂಡಿತ್ತು. ನಾವು ಬಿಸಿಲನ್ನು ಬೈದಿದ್ದೆವು.

ಒಂದು ಮಾತು ಹೇಳಿಬಿಡಬೇಕು. ಗ್ರೇಡ್ 1 ಎಂದ ಕೂಡಲೇ ಹೆದರಿ ಓಡಬೇಕಾಗಿಲ್ಲ. ಅರವತ್ತು ದಾಟಿದ ಎಷ್ಟೋ ಜನರಲ್ಲಿ, ಸಕ್ಕರೆ ಇಲ್ಲದವರಲ್ಲೂ, ಅದು ಕಾಣುತ್ತದೆ. ಬಿಪಿಯೂ ಅದನ್ನು ತರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಅದು ಬೇಗ ಬರುತ್ತದೆ, ಸದ್ದಿಲ್ಲದೆ ಬರುತ್ತದೆ. ಯಾಕೆ?

ಇಲ್ಲಿಂದ ಕಥೆ ಅಡುಗೆಮನೆಗೆ ಹೋಗುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುತ್ತದೆ, ಹಾಲು ಕಾಯಿಸಿ ಕಾಯಿಸಿ ಖೋವಾ ಮಾಡಿದರೆ ಬಣ್ಣ ತಿರುಗುತ್ತದೆ. ಅದು ಯಾಕೆ ಎಂದು 1912ರಲ್ಲಿ ವಿವರಿಸಿದವನು ಲೂಯಿ ಕಮೀಲ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ. ಸಕ್ಕರೆಯ ಕಣ ಪ್ರೋಟೀನಿನ ಕಣಕ್ಕೆ ಅಂಟಿಕೊಳ್ಳುತ್ತದೆ, ಅಂಟಿದ್ದು ಮತ್ತೊಂದಕ್ಕೆ ಅಂಟುತ್ತದೆ, ಬಣ್ಣ ಬರುತ್ತದೆ, ಗಟ್ಟಿಯಾಗುತ್ತದೆ. ಕಾವಲಿಯ ಶಾಖಕ್ಕೆ ಇದು ಎರಡು ನಿಮಿಷದ ಕೆಲಸ. ಮೈಯ 37 ಡಿಗ್ರಿ ಶಾಖದಲ್ಲೂ ಇದು ನಡೆಯುತ್ತದೆ, ವರ್ಷಗಳ ಲೆಕ್ಕದಲ್ಲಿ. ನಾವೆಲ್ಲ ಒಳಗೊಳಗೇ ಬಹಳ ಸಣ್ಣ ಉರಿಯಲ್ಲಿ ಕೆಂಪಗಾಗುತ್ತಿದ್ದೇವೆ! ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಆ ಅಂಟು ಬೇಗ ಕೂಡುತ್ತದೆ.

ಇದನ್ನು ಮನುಷ್ಯರ ರಕ್ತದಲ್ಲಿ ಕಂಡವರು ಇರಾನಿನ ಸಾಮ್ಯುಯೆಲ್ ರಹಬರ್. 1968ರಲ್ಲಿ ಟೆಹರಾನಿನಲ್ಲಿ ಅವರು ಸಕ್ಕರೆ ಕಾಯಿಲೆಯವರ ಹಿಮೋಗ್ಲೋಬಿನ್ನಿನಲ್ಲಿ ಬೇರೆ ಥರದ ಒಂದು ಪಾಲನ್ನು ಗುರುತಿಸಿದರು. ಅದು ಸಕ್ಕರೆ ಅಂಟಿದ ಹಿಮೋಗ್ಲೋಬಿನ್. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಬದುಕಿದ್ದಷ್ಟು ದಿನ ತನ್ನ ಮೈಗೆ ಅಂಟಿದ ಸಕ್ಕರೆಯ ಲೆಕ್ಕ ಇಟ್ಟುಕೊಂಡೇ ತಿರುಗುತ್ತದೆ. ನಮ್ಮ ಲ್ಯಾಬುಗಳಲ್ಲಿ 'ಮೂರು ತಿಂಗಳ ಸರಾಸರಿ' ಎಂದು ಕರೆಯುವ ಎಚ್‌ಬಿಎ1ಸಿ ಇದೇ. ಟೆಸ್ಟಿಗೆ ಎರಡು ದಿನ ಮೊದಲು ಸಿಹಿ ಬಿಟ್ಟು ಡಾಕ್ಟರನ್ನು ಮೆಚ್ಚಿಸುವವರ ಆಟ ಇಲ್ಲಿ ನಡೆಯುವುದಿಲ್ಲ.

ಈಗ ಯೋಚಿಸಿ. ರಕ್ತಕಣವಾದರೆ ನಾಲ್ಕು ತಿಂಗಳಿಗೆ ಸತ್ತು ಹೊಸದು ಬರುತ್ತದೆ, ಲೆಕ್ಕ ಅಳಿಸಿಹೋಗುತ್ತದೆ. ಹೃದಯದ ಗೋಡೆಯಲ್ಲಿ ಮಾಂಸಕೋಶಗಳನ್ನು ಕಟ್ಟಿ ಹಿಡಿದಿರುವ ಕೊಲಾಜೆನ್ ಎಂಬ ನಾರು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಅದಕ್ಕೆ ಸಕ್ಕರೆ ಅಂಟುತ್ತದೆ, ಅಂಟಿದ ಸಕ್ಕರೆ ಪಕ್ಕದ ನಾರಿಗೆ ಕೊಂಡಿ ಹಾಕುತ್ತದೆ, ಕೊಂಡಿಯ ಮೇಲೆ ಕೊಂಡಿ. ಜಾರಬೇಕಾದ ನಾರುಗಳು ಜಾರುವುದಿಲ್ಲ. ಗೋಡೆ ಬಿಗಿಯುತ್ತದೆ. ಶೆಟ್ಟಿಹಳ್ಳಿಯ ಗಾರೆಯಲ್ಲಿ ಬೆಲ್ಲ ಇದೆಯೋ ಇಲ್ಲವೋ ದೊಡ್ಡಮ್ಮನ ಹೃದಯದ ಗೋಡೆಯಲ್ಲಿ ಇತ್ತು! ಕಟ್ಟಡದ ಗೋಡೆಗೆ ಗಟ್ಟಿತನ ಆಯುಷ್ಯ. ಹೃದಯದ ಗೋಡೆ ಬದುಕುವುದು ಜಗ್ಗುವುದರಿಂದ.

ಬೆಲ್ಲದ ಗಾರೆ ಒಂದು ಕಾರಣವಾದರೆ ಇಂಧನದ ಕೊರತೆ ಇನ್ನೊಂದು. ಗಟ್ಟಿಮುಟ್ಟಾದ ಹೃದಯ ಸಿಕ್ಕಿದ್ದನ್ನೆಲ್ಲ ಉರಿಸಬಲ್ಲದು. ಕೊಬ್ಬೇ ಅದರ ಮುಖ್ಯ ಸೌದೆ, ಬೇಕಾದಾಗ ಸಕ್ಕರೆಯನ್ನೂ ತೆಗೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಈ ಬದಲಾಯಿಸಿಕೊಳ್ಳುವ ಜಾಣ್ಮೆ ಕುಗ್ಗುತ್ತದೆ. ಸುತ್ತಲೂ ಸಕ್ಕರೆ ತುಂಬಿ ಹರಿಯುತ್ತಿದ್ದರೂ ಹೃದಯ ಅದನ್ನು ಸರಿಯಾಗಿ ಎತ್ತಿಕೊಳ್ಳಲಾರದೆ ಕೊಬ್ಬಿಗೇ ಜೋತುಬೀಳುತ್ತದೆ. ಕೊಬ್ಬು ಉರಿಸಲು ಆಮ್ಲಜನಕ ಹೆಚ್ಚು ಬೇಕು. ಇಂಧನ ತುಟ್ಟಿಯಾದಾಗ ಮೊದಲು ನಿಧಾನವಾಗುವುದು ಕ್ಯಾಲ್ಸಿಯಂ ಎತ್ತಿ ಹಾಕುವ ಆ ಪಂಪುಗಳು. ಅಂದರೆ ಹಿಗ್ಗುವ ಕೆಲಸವೇ ಮೊದಲು ಸೊರಗುತ್ತದೆ.

ವೈದ್ಯಲೋಕಕ್ಕೇ ಇದು ಗೊತ್ತಾಗಿ ಅಂಥ ಕಾಲವೇನೂ ಆಗಿಲ್ಲ. 1972ರಲ್ಲಿ ನ್ಯೂಯಾರ್ಕಿನ ಶರ್ಲಿ ರುಬ್ಲರ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯಿದ್ದ ನಾಲ್ಕು ಜನರ ಬಗ್ಗೆ ಬರೆದರು. ನಾಲ್ವರ ಹೃದಯವೂ ಸೋತಿತ್ತು, ಆದರೆ ಸೋಲಿಗೆ ಕಾರಣವಾಗಬಲ್ಲ ನಾಳದ ತಡೆ ಮಾತ್ರ ಇರಲಿಲ್ಲ. 1974ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಅಧ್ಯಯನ ಇನ್ನೊಂದು ಲೆಕ್ಕ ಕೊಟ್ಟಿತು: ಸಕ್ಕರೆ ಕಾಯಿಲೆ ಇರುವ ಗಂಡಸರಿಗೆ ಹೃದಯ ಸೋಲುವ ಸಂಭವ ಇಲ್ಲದವರಿಗಿಂತ 2.4 ಪಟ್ಟು, ಹೆಂಗಸರಿಗೆ 5 ಪಟ್ಟು. ಐದು ಪಟ್ಟು! ಹಾಸನದ ಆ ಜುಲೈನಲ್ಲಿ ಇಸಿಜಿ ಸಾಲಿನಲ್ಲಿ ನಾನು ಕಂಡದ್ದು ಹೆಚ್ಚಾಗಿ ಗಂಡಸರನ್ನೇ. ಹೆಂಗಸರು ಬುತ್ತಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದರು. ಇನ್ನೂ ಒಂದು ವಿಷಯ ಅವರಿಗೆ ಯಾರಾದರೂ ಹೇಳಬೇಕಿತ್ತು. ಬಹುಕಾಲದ ಸಕ್ಕರೆ ಹೃದಯದ ನರಗಳನ್ನೂ ಮೊಂಡು ಮಾಡುವುದರಿಂದ ಹೃದಯಾಘಾತವೇ ಆದರೂ ಕೆಲವರಿಗೆ ಎದೆ ನೋವು ಬರುವುದಿಲ್ಲ. ಸುಸ್ತು, ಬೆವರು, ಏದುಸಿರು, ಹೊಟ್ಟೆ ತೊಳಸು, ಇಷ್ಟೇ ಬಂದುಹೋಗಬಹುದು.

ಹಾಗಾದರೆ ಬಿಗಿದ ಗೋಡೆ ಮತ್ತೆ ಜಗ್ಗುತ್ತದೆಯೇ?

ಜಗ್ಗುತ್ತದೆ! ಪೂರ್ತಿ ಅಲ್ಲ, ಎಲ್ಲರಲ್ಲೂ ಅಲ್ಲ. ಆದರೆ ಆಸ್ಟ್ರೇಲಿಯಾದ ಸಿಡ್ನಿಯಿಂದ 2016ರಲ್ಲಿ ಬಂದ ಒಂದು ಅಧ್ಯಯನ ಓದುತ್ತ ನಾನು ಕುರ್ಚಿಯಿಂದ ಎದ್ದು ನಿಂತೆ. ಸಕ್ಕರೆ ಹಿಡಿತ ತಪ್ಪಿದ್ದ 105 ಜನರನ್ನು ಒಂದು ವರ್ಷ ಚೆನ್ನಾಗಿ ನೋಡಿಕೊಂಡರು. ಅವರ ಮೂರು ತಿಂಗಳ ಸರಾಸರಿ 10.3 ಇದ್ದದ್ದು 8.3ಕ್ಕೆ ಇಳಿಯಿತು. ಗಮನಿಸಿ, 8.3. ನಮ್ಮ ಡಾಕ್ಟರುಗಳು ಇನ್ನೂ ಹುಬ್ಬು ಗಂಟಿಕ್ಕುವ ಸಂಖ್ಯೆ. ಅಷ್ಟಕ್ಕೇ ಹೃದಯದ ಗೋಡೆ ಹಿಗ್ಗುವ ವೇಗ ಮೊದಲಿದ್ದುದಕ್ಕಿಂತ 24 ಶೇಕಡ ಹೆಚ್ಚಿತು, ಹಿಂಡುವಾಗ ನಾರುಗಳು ಕುಗ್ಗುವ ಪ್ರಮಾಣ 21 ಶೇಕಡ ಸುಧಾರಿಸಿತು. ಬರಿಗಣ್ಣಿಗೆ ಕಾಣದ ಈ ವೇಗವನ್ನು ಎಕೋ ಯಂತ್ರ ಸೆಕೆಂಡಿಗೆ ಇಷ್ಟು ಸೆಂಟಿಮೀಟರ್ ಎಂದು ಅಳೆಯುತ್ತದೆ. ಸೆಕೆಂಡಿಗೆ ಒಂದು ಸೆಂಟಿಮೀಟರ್ ಹೆಚ್ಚೋ ಕಡಿಮೆಯೋ ಎಂಬುದರಲ್ಲಿ ಒಬ್ಬ ಮನುಷ್ಯ ದಿಬ್ಬ ಹತ್ತುವುದೂ ನಡುವೆ ಕೂರುವುದೂ ಅಡಗಿದೆ.

ಅಂದಮೇಲೆ ಸಕ್ಕರೆಯನ್ನು ಎಷ್ಟು ಬೇಗ, ಎಷ್ಟು ಕೆಳಗೆ ಒತ್ತಿದರೆ ಅಷ್ಟು ಒಳ್ಳೆಯದು ಅಲ್ಲವೇ? ನಾನೂ ಹಾಗೇ ಎಂದುಕೊಂಡೆ. ಅಮೆರಿಕ ಮತ್ತು ಕೆನಡಾದ ವೈದ್ಯರೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡು 10,251 ಜನರ ಮೇಲೆ 'ಅಕಾರ್ಡ್' ಎಂಬ ಪರೀಕ್ಷೆ ನಡೆಸಿದರು. ಅರ್ಧ ಜನರಿಗೆ ಸಾಮಾನ್ಯ ಚಿಕಿತ್ಸೆ, ಇನ್ನರ್ಧಕ್ಕೆ ಸರಾಸರಿ 6ಕ್ಕಿಂತ ಕೆಳಗೆ ಬರಲೇಬೇಕೆಂಬ ಹಟದ ಚಿಕಿತ್ಸೆ. 2008ರ ಫೆಬ್ರವರಿಯಲ್ಲಿ ಆ ಹಟದ ಗುಂಪಿನ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅಲ್ಲಿ 257 ಜನ ಸತ್ತಿದ್ದರು, ಸಾಮಾನ್ಯ ಗುಂಪಿನಲ್ಲಿ 203. ಸಕ್ಕರೆ ಇಳಿದಿತ್ತು, ಜೀವ ಉಳಿದಿರಲಿಲ್ಲ. ಅದಕ್ಕೆ ಕಾರಣ ಇದೊಂದೇ ಎಂದು ಬೆರಳಿಟ್ಟು ತೋರಿಸಲು ಆಗಿಲ್ಲ. ಆದರೆ ಸಕ್ಕರೆ ತೀರಾ ಕುಸಿದಾಗ ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ, ಬಡಿತದ ಲಯ ತಪ್ಪಬಹುದು, ಹಳೆಯ ಹೃದಯಕ್ಕೆ ಅದು ದೊಡ್ಡ ಪೆಟ್ಟು. 'ಲೋ ಶುಗರ್' ಆಗಿ ಕೈ ನಡುಗಿ ಬೆವರಿದವರಿಗೆ ಅದರ ಅನುಭವ ಇರುತ್ತದೆ.

ಇದರ ಪಕ್ಕದಲ್ಲೇ ಬ್ರಿಟನ್ನಿನ ಇನ್ನೊಂದು ಅಧ್ಯಯನವನ್ನು ಇಟ್ಟು ನೋಡಬೇಕು. 1977ರಲ್ಲಿ ಶುರುವಾದದ್ದು, ಆಗತಾನೆ ಸಕ್ಕರೆ ಕಾಯಿಲೆ ಪತ್ತೆಯಾದ 5,102 ಜನ. ಮೊದಲ ವರ್ಷಗಳಲ್ಲಿ ಚೆನ್ನಾಗಿ ಹಿಡಿತದಲ್ಲಿಟ್ಟವರು, ಇಡದವರು ಎಂದು ಗುಂಪು ಮಾಡಿದ್ದರು. 1997ರಲ್ಲಿ ಪರೀಕ್ಷೆ ಮುಗಿದು ಒಂದೇ ವರ್ಷಕ್ಕೆ ಎರಡೂ ಗುಂಪಿನ ಸಕ್ಕರೆ ಒಂದೇ ಮಟ್ಟಕ್ಕೆ ಬಂತು. ಹತ್ತು ವರ್ಷ ಕಳೆದು ನೋಡಿದರೆ, ಮೊದಲು ಹಿಡಿತದಲ್ಲಿದ್ದವರಿಗೆ ಹೃದಯಾಘಾತ 15 ಶೇಕಡ ಕಡಿಮೆ! ಮೈ ನೆನಪಿಟ್ಟುಕೊಂಡಿತ್ತು. ಎಳೆಯದರಲ್ಲಿ ಮಾಡಿದ ಆರೈಕೆಯನ್ನು ಹೃದಯ ಹತ್ತು ವರ್ಷ ಬಿಟ್ಟು ಬಡ್ಡಿ ಸಮೇತ ಹಿಂತಿರುಗಿಸಿತ್ತು. ಗೋಡೆಗೆ ಬೆಲ್ಲ ಕೂರುವ ಮೊದಲು ತಡೆದದ್ದಕ್ಕೆ ಬೆಲೆ ಹೆಚ್ಚು, ಕೂತ ಮೇಲೆ ಕೆರೆಯಹೊರಟರೆ ಗೋಡೆಗೇ ಪೆಟ್ಟು ಎಂದು ನಾನು ಈ ಎರಡನ್ನೂ ಜೋಡಿಸಿ ಅರ್ಥ ಮಾಡಿಕೊಂಡಿದ್ದೇನೆ.

ಇಷ್ಟು ಹೊತ್ತು ನಾನು ತಡೆದುಕೊಂಡಿದ್ದ ಕಥೆ ಮುಂದಿನದು. ಈ ಹುಡುಕಾಟದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಬೆರಗು ಅದೇ, ಮತ್ತು ಅದು ಶುರುವಾಗುವುದು ಒಂದು ಮರದ ಬೇರಿನಿಂದ.

1835ರಲ್ಲಿ ಯೂರೋಪಿನ ರಸಾಯನಶಾಸ್ತ್ರಜ್ಞರು ಸೇಬಿನ ಮರದ ಬೇರಿನ ತೊಗಟೆಯಿಂದ ಒಂದು ಕಹಿ ಪುಡಿ ತೆಗೆದರು. ಕಹಿ ಎಂದರೆ ಕ್ವಿನೈನಿನ ಹಾಗೆ ಜ್ವರಕ್ಕೆ ಬಂದೀತು ಎಂಬ ಆಸೆ. ಅದರ ಹೆಸರು ಫ್ಲೋರಿಜಿನ್. 1886ರಲ್ಲಿ ಜರ್ಮನಿಯ ಯೋಸೆಫ್ ಫಾನ್ ಮೇರಿಂಗ್ ಇದನ್ನು ನಾಯಿಗಳಿಗೆ ಕೊಟ್ಟು ನೋಡಿದಾಗ ಅವುಗಳ ಮೂತ್ರದಲ್ಲಿ ಸಕ್ಕರೆ ಸುರಿಯತೊಡಗಿತು. ಮೂರು ವರ್ಷ ಬಿಟ್ಟು ಇದೇ ಮೇರಿಂಗ್, ಆಸ್ಕರ್ ಮಿಂಕೋವ್‌ಸ್ಕಿಯ ಜೊತೆಗೂಡಿ, ಮೇದೋಜೀರಕ ಗ್ರಂಥಿ ತೆಗೆದರೆ ನಾಯಿಗೆ ಸಕ್ಕರೆ ಕಾಯಿಲೆ ಬರುತ್ತದೆ ಎಂದು ತೋರಿಸಿ ಇನ್ಸುಲಿನ್ನಿನ ದಾರಿ ತೆರೆದ. ಆ ಖ್ಯಾತಿಯ ಮುಂದೆ ಸೇಬಿನ ತೊಗಟೆಯನ್ನು ಔಷಧಿಯೆಂದು ಎಣಿಸುವವರಿಲ್ಲದಾಯಿತು.

ನಮ್ಮ ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ. ಅದರಲ್ಲಿ ಸುಮಾರು 180 ಗ್ರಾಂ ಸಕ್ಕರೆ ಇರುತ್ತದೆ. ಅಷ್ಟನ್ನೂ ಒಂದು ಕಣ ಬಿಡದೆ ಬಾಚಿ ಮತ್ತೆ ರಕ್ತಕ್ಕೆ ಸುರಿಯುತ್ತದೆ. ಹಸಿವಿನ ಕಾಲದಲ್ಲಿ ರೂಪುಗೊಂಡ ಮೈಗೆ ಸಕ್ಕರೆ ಚೆಲ್ಲುವುದೆಂದರೆ ಪಾಪ. ಸಕ್ಕರೆ ಕಾಯಿಲೆಯಲ್ಲೂ ಅದು ಅದೇ ನಿಷ್ಠೆಯಿಂದ ಬಾಚುತ್ತದೆ. ಈ ಬಾಚುವ ಕೈಗೆ ವಿಜ್ಞಾನಿಗಳು ಎಸ್‌ಜಿಎಲ್‌ಟಿ2 ಎಂದು ಹೆಸರಿಟ್ಟರು. ಫ್ಲೋರಿಜಿನ್ ಆ ಕೈಯನ್ನು ಹಿಡಿದುಕೊಳ್ಳುತ್ತಿತ್ತು! ಆ ಕಹಿ ಪುಡಿಯ ಅಚ್ಚಿನಲ್ಲಿ ಹೊಸ ಮಾತ್ರೆಗಳನ್ನು ಕಟ್ಟಿದರು: ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ನುಂಗಿದರೆ ದಿನಕ್ಕೆ 60ರಿಂದ 80 ಗ್ರಾಂ ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ. ನಮ್ಮ ಪ್ರಾಚೀನ ವೈದ್ಯರು ಇರುವೆ ಮುತ್ತುವ ಮೂತ್ರವನ್ನು ನೋಡಿ ಈ ಕಾಯಿಲೆಗೆ ಮಧುಮೇಹ ಎಂದು ಹೆಸರಿಟ್ಟರು. ಅದೇ ಜೇನು ಮೂತ್ರವನ್ನು ಬೇಕೆಂದೇ ತರಿಸುವುದು ಅದೇ ಕಾಯಿಲೆಗೆ ಮದ್ದಾಯಿತು.

ಆದರೆ ಸಕ್ಕರೆ ಇಳಿಸುವುದರಲ್ಲಿ ಈ ಮಾತ್ರೆಗಳು ಅಂಥ ಗಟ್ಟಿಗರೇನೂ ಅಲ್ಲ. ಅಷ್ಟರಲ್ಲಿ ಬೇರೊಂದು ಸಕ್ಕರೆ ಮಾತ್ರೆ ಹೃದಯಕ್ಕೆ ಕೇಡು ಮಾಡುತ್ತದೆ ಎಂಬ ಗುಲ್ಲೆದ್ದು, 2008ರಿಂದ ಹೊಸ ಸಕ್ಕರೆ ಔಷಧಿಗಳೆಲ್ಲ ಹೃದಯಕ್ಕೆ ಹಾನಿ ಮಾಡುವುದಿಲ್ಲ ಎಂದು ಸಾಬೀತು ಮಾಡಬೇಕೆಂದು ಅಮೆರಿಕದ ಔಷಧ ಇಲಾಖೆ ಕೇಳತೊಡಗಿತು. ಕೇಡಿಲ್ಲ ಎಂದು ತೋರಿಸಿದರೆ ಸಾಕಿತ್ತು. ಎಂಪಾಗ್ಲಿಫ್ಲೋಜಿನ್ ತಯಾರಕರು 7,020 ಜನರ ಮೇಲೆ ಪರೀಕ್ಷೆ ನಡೆಸಿದರು. 2015ರ ಸೆಪ್ಟೆಂಬರ್ 17, ಸ್ಟಾಕ್‌ಹೋಮ್‌ನಲ್ಲಿ ಮಧುಮೇಹ ತಜ್ಞರ ಸಭೆ. ಫಲಿತಾಂಶ ತೆರೆಯ ಮೇಲೆ ಬಂತು. ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸಾಯುವುದು 38 ಶೇಕಡ ಕಡಿಮೆ. ಹೃದಯ ಸೋತು ಆಸ್ಪತ್ರೆ ಸೇರುವುದು 35 ಶೇಕಡ ಕಡಿಮೆ. ಕೇಡಿಲ್ಲ ಎಂದು ತೋರಿಸಲು ಹೋದವರು ಅಮೃತದ ಕೊಡಕ್ಕೆ ಕೈ ಹಾಕಿದ್ದರು!

ಬೆರಗು ಇಲ್ಲಿಗೂ ಮುಗಿಯಲಿಲ್ಲ. ಮಾತ್ರೆ ಪಡೆದ, ಪಡೆಯದ ಎರಡೂ ಗುಂಪಿನ ಸಕ್ಕರೆಯ ವ್ಯತ್ಯಾಸ ಅತ್ಯಲ್ಪ. ಅಷ್ಟರಿಂದ ಇಷ್ಟು ಲಾಭ ಬರಲಾರದು. ಲಾಭ ಕಂಡದ್ದೂ ಕೆಲವೇ ವಾರಗಳಲ್ಲಿ. ಮಾತ್ರೆ ಹಿಡಿಯುವ ಆ ಬಾಚುವ ಕೈ ಇರುವುದು ಮೂತ್ರಪಿಂಡದಲ್ಲಿ, ಹೃದಯದ ಮಾಂಸದಲ್ಲಿ ಅದು ಇಲ್ಲ. ಹಾಗಾದರೆ ಹೃದಯಕ್ಕೆ ಸುದ್ದಿ ಮುಟ್ಟಿದ್ದು ಹೇಗೆ? ನೀರು, ಉಪ್ಪು ಇಳಿದು ಹೊರೆ ಕಡಿಮೆಯಾಯಿತೇ? ಉಪವಾಸ ಮಾಡಿದಂತಾಗಿ ಲಿವರ್ ಹುಟ್ಟಿಸಿದ ಕೀಟೋನ್ ಎಂಬ ಇಂಧನ ಹಸಿದ ಹೃದಯಕ್ಕೆ ದಕ್ಕಿತೇ? ಮಾಂಸಕೋಶದ ಉಪ್ಪು, ಕ್ಯಾಲ್ಸಿಯಂಗಳ ತಕ್ಕಡಿ ಸರಿಹೋಯಿತೇ? ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ. 2019ರಲ್ಲಿ ಡಪಾಗ್ಲಿಫ್ಲೋಜಿನ್ ಪರೀಕ್ಷೆ ಇನ್ನೂ ಮುಂದೆ ಹೋಯಿತು. ಸೋತ ಹೃದಯದ 4,744 ಜನ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆಯೇ ಇಲ್ಲ. ಅವರಿಗೂ ಲಾಭವಾಯಿತು! ಸಕ್ಕರೆ ಮಾತ್ರೆ ಹೃದಯದ ಮಾತ್ರೆಯಾಯಿತು.

2021ರ ಸುದ್ದಿ ದೊಡ್ಡಮ್ಮನಿಗೇ ಬರೆದ ಕಾಗದದಂತಿತ್ತು. ಹಿಂಡುವ ಬಲ ಇದ್ದೂ ಹಿಗ್ಗಲಾರದ ಹೃದಯ ಇದೆಯಲ್ಲ, ಅದು ಪೂರ್ತಿ ಸೋತು ಕಾಲು ಊದಿ ಉಸಿರು ಕಟ್ಟುವ ಹಂತಕ್ಕೆ ಹೋದರೆ, ಗೆದ್ದು ತೋರಿಸಿದ ಮದ್ದು ದಶಕಗಳ ಕಾಲ ಇರಲಿಲ್ಲ. ಒಂದಾದ ಮೇಲೊಂದು ಔಷಧಿ ಬಿದ್ದುಹೋಗಿತ್ತು. ಅಂಥ 5,988 ಜನರಲ್ಲಿ ಎಂಪಾಗ್ಲಿಫ್ಲೋಜಿನ್ ಹೃದಯ ಮತ್ತು ರಕ್ತನಾಳದ ಕಾರಣದ ಸಾವು, ಹೃದಯ ಸೋತು ಆಸ್ಪತ್ರೆ ಸೇರುವುದು, ಎರಡನ್ನೂ ಸೇರಿಸಿ 21 ಶೇಕಡ ತಗ್ಗಿಸಿತು. ವ್ಯತ್ಯಾಸ ಖಚಿತವಾಗಿ ಕಂಡದ್ದು 18ನೇ ದಿನಕ್ಕೆ.

ನಮ್ಮ ಊರಿನ ಮೆಡಿಕಲ್ ಸ್ಟೋರಿಗೂ ಈ ಕಥೆ ಬಂದಿದೆ. ಡಪಾಗ್ಲಿಫ್ಲೋಜಿನ್ನಿನ ಮೊದಲ ಪೇಟೆಂಟು ಭಾರತದಲ್ಲಿ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚಿನಲ್ಲಿ. ಅಲ್ಲಿಯವರೆಗೆ ಮಾತ್ರೆಯೊಂದಕ್ಕೆ 60 ರೂಪಾಯಿ ಹತ್ತಿರ ಇದ್ದದ್ದು ಹತ್ತು ರೂಪಾಯಿಗೂ ಕೆಳಗೆ ಸಿಗತೊಡಗಿತು. ಅರಕಲಗೂಡಿನ ಹೊಗೆಸೊಪ್ಪಿನ ರೈತನಿಗೂ ಚನ್ನರಾಯಪಟ್ಟಣದ ಕಬ್ಬಿನ ಕೂಲಿಗೂ ಎಟಕುವ ಬೆಲೆ ಅದು. ಆದರೆ ಅಕ್ಕಪಕ್ಕದವರು ತಗೊಂಡರು ಎಂದು ನುಂಗುವ ಮಾತ್ರೆ ಅಲ್ಲ. ಮೂತ್ರದ ಜಾಗದಲ್ಲಿ ಫಂಗಸ್ ಬರಬಹುದು. ವಾಂತಿ ಭೇದಿಯಾಗಿ ಊಟ ಬಿಟ್ಟ ದಿನ ಮುಂದುವರಿಸಿದರೆ ರಕ್ತದಲ್ಲಿ ಆಮ್ಲ ಏರಿ ಅಪಾಯವಾದೀತು. ಡಾಕ್ಟರು ಕಿಡ್ನಿ ನೋಡಿ, ಉಳಿದ ಮಾತ್ರೆ ನೋಡಿ ಬರೆಯಬೇಕು. ಹಠಾತ್ ಎದೆ ಹಿಡಿದವರಿಗೆ ಇದು ಮದ್ದಲ್ಲ. ಅದಕ್ಕೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುವ ವ್ಯವಸ್ಥೆ ಇದೆ. ಎದೆ ಬಿಗಿದರೆ ಮೊದಲು ಅಲ್ಲಿಗೆ ಓಡಿ.

ದೊಡ್ಡಮ್ಮನ ಮಾತ್ರೆ ಬದಲಾಯಿತು. ಮುದ್ದೆ ಸಣ್ಣದಾಯಿತು. ಮುದ್ದೆಗೆ ಸಕ್ಕರೆ ಏರುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದೇವೆ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಗೆ ಚೆನ್ನಾಗಿಯೇ ಏರುತ್ತದೆ. ಮುದ್ದೆಯ ಗಾತ್ರ ಇಳಿದಷ್ಟು ಬಸ್ಸಾರಿನ ಸೊಪ್ಪು ಕಾಳು ಹೆಚ್ಚಿತು. ಊಟವಾದ ಮೇಲೆ ಕಾಲು ಗಂಟೆ ನಡಿಗೆ. ನಡೆಯುವ ಕಾಲಿನ ಸ್ನಾಯು ಇನ್ಸುಲಿನ್ನಿನ ಅಪ್ಪಣೆ ಇಲ್ಲದೆಯೇ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ ಎಂದು ನಾನು ಹೇಳಿದಾಗ "ಹಂಗಾದ್ರೆ ಕಾಲಿಗೇ ಬಾಯೈತೆ ಅನ್ನು" ಎಂದಳು. ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಲ್ಲ.

ಆರು ತಿಂಗಳಾದ ಮೇಲೆ ಮತ್ತೆ ಎಕೋ. ಸರಾಸರಿ 9.6 ಇದ್ದದ್ದು 7.4 ಆಗಿತ್ತು. ಈ ಸಲ ಒಳಗೆ ನನ್ನನ್ನೂ ಬಿಟ್ಟರು. ಕತ್ತಲೆ ಕೋಣೆ, ತಣ್ಣನೆಯ ಜೆಲ್ಲು, ಎಡ ಮಗ್ಗುಲಿಗೆ ಮಲಗಿದ ದೊಡ್ಡಮ್ಮ. ಡಾಕ್ಟರು ಒಂದು ಗುಂಡಿ ಒತ್ತಿದರು, ಬೂದು ಬಣ್ಣದ ಚಿತ್ರ ಹೋಗಿ ಗೋಡೆಯ ಓಟದ ಅಲೆ ಮೂಡಿತು. ಮೇಲೊಂದು ಗುಡ್ಡ, ಅದು ಹಿಂಡುವುದು. ಕೆಳಗೆರಡು ಕಣಿವೆ, ಅದರಲ್ಲಿ ಮೊದಲನೆಯದು ಹೃದಯ ತಾನಾಗಿ ಹಿಗ್ಗುವ ಕ್ಷಣ. ಆ ಕಣಿವೆಯ ತುದಿಗೆ ಅವರು ಗುರುತು ಇಟ್ಟರು. ಸೆಕೆಂಡಿಗೆ 6 ಸೆಂಟಿಮೀಟರ್. ಹಿಂದಿನ ಸಲ 5 ಇತ್ತು. 7 ದಾಟಿದರೆ ಚೆಂದ ಎಂದರು. ವರದಿಯಲ್ಲಿ ಗ್ರೇಡ್ 1 ಎಂಬ ಸಾಲು ಹಾಗೇ ಇತ್ತು.

ದೊಡ್ಡಮ್ಮ ಕತ್ತು ತಿರುಗಿಸಿ ಪರದೆಯನ್ನು ನೋಡುತ್ತಿದ್ದಳು. ಕಣಿವೆ, ಗುಡ್ಡ, ಕಣಿವೆ, ಗುಡ್ಡ.

"ನಾನು ನಿದ್ದೆ ಮಾಡುವಾಗ್ಲೂ ಹಿಂಗೇ ಮಾಡ್ತಿರ್ತದಾ ಇದು?" ಎಂದು ಕೇಳಿದಳು.

ಹೌದಮ್ಮ ಎಂದರು ಡಾಕ್ಟರು.

"ಹುಟ್ಟಿದಾಗ್ಲಿಂದ?"

"ಹುಟ್ಟೋದಕ್ಕೂ ಮೊದಲಿಂದ."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹೊರಗೆ ಮುಂದಿನವರ ಹೆಸರು ಕೂಗುತ್ತಿದ್ದರು. ಡಾಕ್ಟರು ಯಂತ್ರ ಆರಿಸದೆ ಇನ್ನೂ ಒಂದಷ್ಟು ಹೊತ್ತು ಅಲೆ ಓಡಲು ಬಿಟ್ಟರು.